ಮುಂದಿನ ಗಾಲಿ ಬರೀ ಉರುಳೋದಕ್ಕಲ್ಲ

(ಹುಬ್ಬಳ್ಳಿಯಲ್ಲಿ ಕಾರಿನ ಹುಚ್ಚಿರುವ ಹುಡುಗರು, ಗ್ಯಾರೇಜಿನವರು ಮತ್ತು ಆಟೊಮೊಬೈಲ್ ಓದುವ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ.)

ಡ್ರ್ಯಾಗ್ ರೇಸ್ ಅಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೆಟ್ಟಗೆ ಓಡುವ ಪಂದ್ಯ. ಅದಕ್ಕೆ ಕಾರು ಸಜ್ಜು ಮಾಡುವಾಗ ಹಿಂದಿನ ಟೈರ್ ಬಗ್ಗೆ ನಿಮ್ಮಲ್ಲಿ ಯಾರನ್ನು ಕೇಳಿದರೂ ಅರ್ಧ ತಾಸು ಬಿಡದೆ ಮಾತಾಡುತ್ತೀರಿ. ಎಷ್ಟು ಅಗಲ ಇರಬೇಕು, ಎಷ್ಟು ಹವಾ ಬಿಡಬೇಕು, ಬರ್ನ್‌ಔಟ್ (ಓಟಕ್ಕೆ ಮೊದಲು ಗಾಲಿಯನ್ನು ನಿಂತಲ್ಲೇ ತಿರುಗಿಸಿ ಟೈರ್ ಕಾಯಿಸುವುದು) ಎಷ್ಟು ಹೊತ್ತು ಮಾಡಬೇಕು, ಎಲ್ಲ ಬಾಯಿಪಾಠ. ಮುಂದಿನ ಟೈರ್ ಬಗ್ಗೆ ಕೇಳಿದರೆ ಮಾತ್ರ ಒಂದೇ ಉತ್ತರ: "ಅದೇನ್ ಬಿಡ್ರಿ ಸರ್, ಬರೇ ಉರುಳೂ ಗಾಲಿ. ಎಷ್ಟ್ ಸಣ್ಣದ್ ಸಿಗತೈತೋ ಅಷ್ಟ್ ಚಲೋ." ಇವತ್ತು ನಾನು ಬಂದಿರುವುದು ಈ ಮಾತಿನ ಜೊತೆ ಜಗಳ ಆಡಲಿಕ್ಕೆ.

ಟ್ರೇಲರ್ ಮೇಲೆ ಬಂದು, ಕಾಲು ಮೈಲಿ ಓಡಿ, ಮತ್ತೆ ಟ್ರೇಲರ್ ಹತ್ತುವ ಕಾರಿನ ಸುದ್ದಿ ಇಲ್ಲಿ ಬೇಡ. ಆ ಕಾರಿಗೆ ಮಳೆ ಗೊತ್ತಿಲ್ಲ, ಹಂಪ್ ಗೊತ್ತಿಲ್ಲ, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರ್ ಗೊತ್ತಿಲ್ಲ. ನಿಮ್ಮ ಕಾರು ಹಾಗಲ್ಲ. ವಾರಪೂರ್ತಿ ವಿದ್ಯಾನಗರ, ಉಣಕಲ್, ನವನಗರ ಅಂತ ತಿರುಗುತ್ತದೆ. ಲೋನಾವಳದ ಹತ್ತಿರ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಅನ್ನುವ ಡ್ರ್ಯಾಗ್ ರೇಸ್ ಇದ್ದಾಗ ಅದೇ ಕಾರಿನಲ್ಲಿ ಪಿ.ಬಿ. ರಸ್ತೆ (ಪುಣೆ-ಬೆಂಗಳೂರು ಹೆದ್ದಾರಿ) ಹಿಡಿದು ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಹೋಗುತ್ತೀರಿ. ನಾಲ್ಕುನೂರು ಕಿಲೊಮೀಟರಿಗೂ ಹೆಚ್ಚು ರಸ್ತೆ, ಅದರ ತುದಿಗೆ 402 ಮೀಟರ್ ಓಟ, ಮತ್ತೆ ಅಷ್ಟೇ ರಸ್ತೆ ವಾಪಸ್. ಈಗ ಹೇಳಿ, ಟೈರ್ ಆರಿಸಬೇಕಾದದ್ದು ಯಾವುದಕ್ಕೆ?

ರಸ್ತೆಯ ಮೇಲೆಯೇ ರೇಸ್ ಮಾಡುವವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಒಂದು ವರ್ಷ, 10,000. ಬೈಪಾಸಿನಲ್ಲಿ ರಾತ್ರಿ ಹನ್ನೆರಡಕ್ಕೆ ಓಡಿಸುವವರಿಗೆ ಟೈರ್ ಸಲಹೆ ಕೊಡಲು ನಾನು ಬಂದಿಲ್ಲ.

ಟೈರಿಗೆ ಬರುವ ಮೊದಲು ನಿಮ್ಮ ಕಾರಿನ ಎಂಜಿನ್ ಯಾವ ಗಾಲಿಯನ್ನು ತಿರುಗಿಸುತ್ತದೆ ಅಂತ ನೋಡಿಕೊಳ್ಳಿ. ನಗಬೇಡಿ. ಅಮೆರಿಕದ ಡ್ರ್ಯಾಗ್ ಕಾರಿನ ಫೋಟೊ ನೋಡಿ, ಮುಂದೆ ಕಡ್ಡಿಯಂಥ ಗಾಲಿ, ಹಿಂದೆ ಉರುಳುಗಲ್ಲಿನಂಥ ಗಾಲಿ ಹಾಕಿಸಿಕೊಡಿ ಅಂತ ಎಸ್ಟೀಮ್ ತಂದು ನಿಲ್ಲಿಸಿದವರಿದ್ದಾರೆ. ಎಸ್ಟೀಮ್, ಹೋಂಡಾ ಸಿಟಿ, ಪೋಲೊ ಎಲ್ಲ ಮುಂದಿನ ಗಾಲಿಯಿಂದ ಎಳೆಯುವ ಕಾರುಗಳು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಹೊರುವುದು ಎಲ್ಲ ಮುಂದಿನ ಎರಡೇ ಗಾಲಿ. ಅಲ್ಲಿ ಮುಂದೆ ಸಣ್ಣ ಟೈರ್ ಹಾಕಿದರೆ ಕಾರು ನಿಂತಲ್ಲೇ ಹೊಗೆ ಬಿಡುತ್ತದೆ, ಅಷ್ಟೇ. ಅಂಥ ಕಾರಿನವರು ಸಣ್ಣ ಗಾಲಿ ಹಾಕುವುದು ಹಿಂದೆ. ಅದಕ್ಕೂ ಮಿತಿ ಇದೆ. ಹಿಂದೆ ಗ್ರಿಪ್ ಕಡಿಮೆಯಾದ ಕಾರು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಬಾಲ ತಿರುಗಿಸುತ್ತದೆ. ಇವತ್ತಿನ ಮಾತು ಹಿಂದಿನ ಗಾಲಿಯಿಂದ ತಳ್ಳುವ ಕಾರುಗಳದ್ದು: ಕಾಂಟೆಸ್ಸಾ, ಪದ್ಮಿನಿ, ಅಂಬಾಸಡರ್, ಹಳೇ ಬೆಂಜ್, ಬಿಎಂಡಬ್ಲ್ಯೂ.

ಸಣ್ಣ ಗಾಲಿಯಿಂದ ಲಾಭ ಇಲ್ಲ ಅಂತ ನಾನು ಹೇಳುವುದಿಲ್ಲ. ಲಾಭ ಇದೆ, ಲೆಕ್ಕ ಹಾಕೋಣ. ಕಾರು 1200 ಕೆ.ಜಿ. ಅಂತ ಇಟ್ಟುಕೊಳ್ಳಿ. ರಿಮ್ಮು, ಟೈರು ಸೇರಿ ಮುಂದಿನ ಒಂದೊಂದು ಗಾಲಿಗೆ 5 ಕೆ.ಜಿ. ಇಳಿಸಿದಿರಿ. ಒಟ್ಟು 10. ತಿರುಗುವ ವಸ್ತುವಿನ ತೂಕ ಓಟದಲ್ಲಿ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಅದನ್ನು ಮುಂದಕ್ಕೂ ಒಯ್ಯಬೇಕು, ಸುತ್ತಲೂ ತಿರುಗಿಸಬೇಕು. ಇಳಿಸಿದ ತೂಕವೆಲ್ಲ ಟೈರಿನ ಹೊರಸುತ್ತಿನಲ್ಲೇ ಇತ್ತು ಅಂತ ಉದಾರವಾಗಿ ಹಿಡಿದರೂ ಎರಡು ಪಟ್ಟು, ಅಂದರೆ 20 ಕೆ.ಜಿ. ಇಳಿಸಿದ ಹಾಗೆ. ಕಾರಿನ ತೂಕದ ಶೇಕಡಾ ಎರಡೂ ಆಗಲಿಲ್ಲ. ಕಾಲು ಮೈಲಿಯ ಸಮಯ ತೂಕದ ಘನಮೂಲದ ಲೆಕ್ಕದಲ್ಲಿ ಬದಲಾಗುತ್ತದೆ ಅನ್ನುವುದು ಡ್ರ್ಯಾಗ್ ಓಡಿಸುವವರ ಹಳೇ ಸೂತ್ರ. ಹಾಗಾಗಿ ಸಮಯದಲ್ಲಿ ಸಿಗುವುದು ಅದರ ಮೂರನೇ ಒಂದು ಪಾಲು. 14 ಸೆಕೆಂಡಿನ ಕಾರಿಗೆ ಹೆಚ್ಚುಕಡಿಮೆ 0.08 ಸೆಕೆಂಡು. ಗಾಳಿಯ ತಡೆ, ಉರುಳುವ ತಡೆ ಕಡಿಮೆಯಾಗುವುದರಿಂದ ಇನ್ನಷ್ಟು ಚೂರು ಸಿಗಬಹುದು.

0.08 ಸೆಕೆಂಡು ರೇಸಿನಲ್ಲಿ ಸಣ್ಣದಲ್ಲ, ಒಪ್ಪುತ್ತೇನೆ. ಕೊನೆಯ ಗೆರೆ ದಾಟುವಾಗ 160 ಕಿ.ಮೀ. ವೇಗದಲ್ಲಿದ್ದರೆ ಅದು ಸುಮಾರು ಮೂರೂವರೆ ಮೀಟರ್. ಈ ಮೂರೂವರೆ ಮೀಟರ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇಲ್ಲೊಂದು ತಮಾಷೆಯ ವಿಷಯ ಇದೆ. ಡ್ರ್ಯಾಗ್ ಪಟ್ಟಿಯಲ್ಲಿ ಹೊರಡುವ ಗೆರೆಯ ಹತ್ತಿರ ನೆಲಕ್ಕೆ ಹತ್ತಿರವಾಗಿ ಬೆಳಕಿನ ಕಿರಣ ಅಡ್ಡ ಹಾದಿರುತ್ತದೆ. ಮುಂದಿನ ಟೈರ್ ಆ ಕಿರಣವನ್ನು ಮುಚ್ಚಿದಾಗ ಕಾರು ನಿಂತಿದೆ ಅಂತ, ಟೈರ್ ದಾಟಿ ಕಿರಣ ಮತ್ತೆ ತೆರೆದಾಗ ಗಡಿಯಾರ ಶುರು. ಟೈರ್ ಎತ್ತರ ಇದ್ದಷ್ಟೂ ಕಿರಣ ಹೆಚ್ಚು ದೂರ ಮುಚ್ಚಿರುತ್ತದೆ, ಗಡಿಯಾರ ಶುರುವಾಗುವ ಮೊದಲೇ ಕಾರು ನಾಲ್ಕು ಬೆರಳು ಹೆಚ್ಚಿಗೆ ಓಡಿರುತ್ತದೆ. ಹಾಗಾಗಿ ಅಲ್ಲಿನ ಜನ ಮುಂದೆ ಅಗಲ ಕಡಿಮೆ, ಎತ್ತರ ಜಾಸ್ತಿ ಇರುವ ಟೈರ್ ಹುಡುಕುತ್ತಾರೆ. ಫೋಟೊದಲ್ಲಿ ನೀವು ನೋಡುವ ಆ ಚಂದದ ಹಿಂದೆ ಇಂಥ ಲೆಕ್ಕಾಚಾರ ಇದೆ. ಧಾರವಾಡದ ರಸ್ತೆಯಲ್ಲಿ ನಿಮಗೆ ಅಂಥ ಕಿರಣ ಯಾರೂ ಹಾಕಿರುವುದಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. ನಮ್ಮ ಕಡೆ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿದ್ದೀರಲ್ಲ? ಎತ್ತು ಕಟ್ಟಿ ಓಡಿಸುವವರು ಮೊದಲು ನೋಡುವುದು ಹೊಲ ಎಷ್ಟು ಉದ್ದ ಇದೆ ಅಂತ; ಗೆರೆ ದಾಟಿದ ಮೇಲೆ ಎತ್ತು ತಾನಾಗಿ ನಿಲ್ಲುವಷ್ಟು ಬಯಲು ಬೇಕು. ಗಾಡಾಕ್ಕೆ ಬ್ರೇಕ್ ಇಲ್ಲ ಅನ್ನುವುದು ಅವರಿಗೆ ಗೊತ್ತು. ನಿಮ್ಮ ಕಾರಿಗೆ ಬ್ರೇಕ್ ಇದೆ, ಆದರೆ ಆ ಬ್ರೇಕ್ ಕೆಲಸ ಮಾಡುವುದು ನೆಲ ಹಿಡಿಯುವ ಟೈರಿನ ಮೂಲಕ. ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಟೈರಿನ ಮೂಲಕ.

ಅದೇ 1200 ಕೆ.ಜಿ. ಕಾರು. ನಿಂತಾಗ ಮುಂದೆ ಶೇಕಡಾ 55 ತೂಕ ಇದೆ ಅನ್ನಿ, 660 ಕೆ.ಜಿ., ಒಂದೊಂದು ಗಾಲಿಗೆ 330. ಗೇರ್ ಹಾಕಿ ಜೋರಾಗಿ ಹೊರಟಾಗ ತೂಕ ಹಿಂದಕ್ಕೆ ಸರಿಯುತ್ತದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ, ಎರಡು ಅಚ್ಚುಗಳ ನಡುವೆ 2.65 ಮೀಟರ್, ವೇಗೋತ್ಕರ್ಷ ಅರ್ಧ ಜಿ (ಒಂದು ಜಿ ಅಂದರೆ ಭೂಮಿಯ ಎಳೆತದಷ್ಟು) ಅಂತ ಹಿಡಿದರೆ ಸುಮಾರು 125 ಕೆ.ಜಿ. ಹಿಂದಕ್ಕೆ ಹೋಗುತ್ತದೆ. ಮುಂದಿನ ಒಂದೊಂದು ಗಾಲಿ ಹೊರುವುದು 267. "ನೋಡ್ರಿ, ಮುಂದ ಹಗೂರ ಆತಲ್ಲ" ಅಂತ ನೀವು ಹೇಳುವುದು ಈ ಗಳಿಗೆಯನ್ನು ನೋಡಿ. ಸರಿ. ಗೆರೆ ದಾಟಿದಿರಿ, ಬ್ರೇಕ್ ಒತ್ತಿದಿರಿ, 0.8 ಜಿ. ಈಗ ಸುಮಾರು 200 ಕೆ.ಜಿ. ಮುಂದಕ್ಕೆ ಸರಿಯುತ್ತದೆ. ಒಂದೊಂದು ಮುಂದಿನ ಗಾಲಿಯ ಮೇಲೆ 430 ಕೆ.ಜಿ. ಹೊರಡುವಾಗ ಇದ್ದ ಭಾರದ ಒಂದೂವರೆ ಪಟ್ಟಿಗೂ ಹೆಚ್ಚು, ಅದೂ 160ರ ವೇಗದಲ್ಲಿ. ಟೈರ್ ಆರಿಸಬೇಕಾದದ್ದು ಈ ಗಳಿಗೆಗೆ.

ದೂರದ ಲೆಕ್ಕವನ್ನೂ ನೋಡಿ. 160 ಕಿ.ಮೀ. ವೇಗದಿಂದ 0.8 ಜಿ ಬ್ರೇಕಿನಲ್ಲಿ ನಿಲ್ಲಲು ಸುಮಾರು 126 ಮೀಟರ್ ಬೇಕು. ಮುಂದೆ ಹಿಡಿತ ಇಲ್ಲದೆ 0.6ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ, 168 ಮೀಟರ್. ನಲವತ್ತೆರಡು ಮೀಟರ್ ಹೆಚ್ಚು. ನೀವು ಗಳಿಸಿದ್ದು ಮೂರೂವರೆ ಮೀಟರ್. ಬಾಯಿಪಾಠ ಮಾಡುವುದಿದ್ದರೆ ಇದನ್ನು ಮಾಡಿ.

ಈ ಮೇಜಿನ ಮೇಲೆ ಕೆಲವು ಟೈರ್ ಇಟ್ಟಿದ್ದೇನೆ. ಹಿಂದೆ ಕೂತವರು ಮುಂದೆ ಬಂದು ಮುಟ್ಟಿ ನೋಡಿ, ಸಂಕೋಚ ಬೇಡ.

ಮೊದಲನೆಯದು ಹೊರದೇಶದ ಕಾರಿನ ಡಿಕ್ಕಿಯಿಂದ ಬಂದ ಸ್ಟೆಪ್ನಿ, ಸ್ಪೇಸ್ ಸೇವರ್ ಅನ್ನುತ್ತಾರಲ್ಲ ಅದು. ರಿಮ್ ಅಗಲ ನಾಲ್ಕೇ ಇಂಚು, ಎತ್ತಿದರೆ ಹಗುರ, ಗುಜರಿಯಲ್ಲಿ ಅಗ್ಗ. ನಿಮ್ಮ ಕಣ್ಣು ಇದರ ಮೇಲೆಯೇ ಅಂತ ನನಗೆ ಗೊತ್ತು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ, ಓದಿ: ಟಿ125/70 ಡಿ15 95ಎಂ. ಮೊದಲ ಟಿ ಅಂದರೆ ತಾತ್ಕಾಲಿಕ. ಡಿ ಅಂದರೆ ಒಳಗಿನ ದಾರದ ಪದರ ನೇರ ಅಡ್ಡಕ್ಕೆ ಹಾದಿರುವ ರೇಡಿಯಲ್ ಅಲ್ಲ, ಓರೆಯಾಗಿ ಒಂದರ ಮೇಲೊಂದು ಹಾದಿರುವ ಹಳೇ ಕ್ರಾಸ್-ಪ್ಲೈ ಕಟ್ಟು. 95 ಅಂದರೆ 690 ಕೆ.ಜಿ. ಹೊರುತ್ತದೆ. "ಸರ್, 690 ಅಂದ್ರ ಸಾಕಲ್ರಿ" ಅಂತೀರಿ. ಅದು ಹೊರುವುದು 60 ಪಿಎಸ್‌ಐ ಹವಾ ಇದ್ದಾಗ. ಕೊನೆಯ ಎಂ ಅಕ್ಷರ 130 ಕಿ.ಮೀ. ವೇಗಕ್ಕೆ, ಆದರೆ ರಿಮ್ಮಿನ ಮೇಲಿನ ಈ ಹಳದಿ ಸ್ಟಿಕ್ಕರ್ 80 ಅನ್ನುತ್ತದೆ. ನೀವು ಕೇಳಬೇಕಾದದ್ದು ಸ್ಟಿಕ್ಕರ್ ಮಾತನ್ನು, ಏಕೆಂದರೆ ಕಾರು ಮಾಡಿದವರು ಆ ಕಾರಿನ ಮೇಲೆ ಇದನ್ನು ಇಟ್ಟು ಹೇಳಿದ ಮಾತು ಅದು. ಇದು ಪಂಚರ್ ಅಂಗಡಿವರೆಗೆ ಮುಟ್ಟಿಸುವ ಟೈರ್. ಉಗುರು ಇಟ್ಟು ನೋಡಿ, ಟೈರಿನ ಮೈಮೇಲಿನ ಗೆರೆ ಎಷ್ಟು ಆಳ ಇದೆ? ಉಗುರು ಕೂಡ ಮುಳುಗುವುದಿಲ್ಲ.

ಹವಾದ ಮಾತು ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲಿ ಹೋದರೂ ಇದೇ ಗೊಂದಲ. ಟೈರ್ ನೆಲಕ್ಕೆ ಎಷ್ಟು ತಾಗುತ್ತದೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಭಾರ ಮತ್ತು ಹವಾ. 330 ಕೆ.ಜಿ. ಭಾರ, 32 ಪಿಎಸ್‌ಐ ಹವಾ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕೆ.ಜಿ. ಭಾಗಿಸಿ: ಸುಮಾರು 147 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ನಿಮ್ಮ ಅಂಗೈ ಬೆರಳು ಸೇರಿದಷ್ಟು. ಅದೇ ಭಾರಕ್ಕೆ 60 ಪಿಎಸ್‌ಐ ಹಾಕಿ: 78. ಅರ್ಧ ಹೋಯಿತು. ಟೈರಿನ ಸೈಡ್‌ವಾಲ್ ತಾನೂ ಒಂದಿಷ್ಟು ಭಾರ ಹೊರುವುದರಿಂದ ಅಂಕಿ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ದಿಕ್ಕು ಇದೇ. ಡ್ರ್ಯಾಗ್ ಪಟ್ಟಿಯಲ್ಲಿ ಮುಂದೆ 45, 50 ಹವಾ ತುಂಬುವವರು ಉರುಳುವ ತಡೆ ಕಡಿಮೆ ಮಾಡಿಕೊಳ್ಳಲು ತುಂಬುತ್ತಾರೆ. ಓಟ ಮುಗಿದ ಮೇಲೆ ಇಳಿಸದೆ ಹಾಗೆಯೇ ಪಿ.ಬಿ. ರಸ್ತೆಗೆ ಬರುವವರಿದ್ದಾರಲ್ಲ, ಅವರು ಅರ್ಧ ಅಂಗೈ ಮೇಲೆ ಊರಿಗೆ ಬರುತ್ತಾರೆ. ಗೇಜು ಡಿಕ್ಕಿಯಲ್ಲಿರಲಿ, ಹವಾ ತಣ್ಣಗಿದ್ದಾಗ ನೋಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಟೈರ್ ಕಾದ ಮೇಲೆ ಹವಾ ತಾನೇ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಲೆಕ್ಕ. ಕಾದ ಟೈರಿನಿಂದ ಹವಾ ಬಿಟ್ಟು ಸರಿ ಮಾಡಿದೆ ಅಂದುಕೊಂಡರೆ ಬೆಳಗಿನ ಹೊತ್ತಿಗೆ ಕಡಿಮೆ ಹವಾದಲ್ಲಿ ಹೊರಟಿರುತ್ತೀರಿ.

ಎರಡನೆಯದು ಬುಲೆಟ್ ಗಾಡಿಯ ಮುಂದಿನ ಟೈರ್, 3.25-19. ಹಳೇ ಕಾಲದ ಡ್ರ್ಯಾಗ್‌ಸ್ಟರ್‌ಗಳಿಗೆ ಬೈಕಿನ ಗಾಲಿ ಹಾಕುತ್ತಿದ್ದರು ನಿಜ. ಅವು ಮುಂದೆ ಉದ್ದ ಚಾಚಿಕೊಂಡ, ಮುಂದೆ ಭಾರವೇ ಇಲ್ಲದ ಗಾಡಿಗಳು. ಇದರ ಮೇಲೆ 54 ಅಂತ ಇದೆ, 212 ಕೆ.ಜಿ. ನಮ್ಮ ಕಾರು ಹೊರಡುವಾಗಿನ ಹಗುರ ಭಾರ 267 ಇತ್ತು, ಅದನ್ನೂ ಇದು ಹೊರುವುದಿಲ್ಲ. ಭಾರ ಬಿಡಿ. ಬೈಕ್ ತಿರುವಿನಲ್ಲಿ ಬಾಗುತ್ತದೆ, ಅದಕ್ಕೇ ಬೈಕ್ ಟೈರಿನ ಮೈ ದುಂಡಗೆ. ಕಾರು ಬಾಗುವುದಿಲ್ಲ, ನೆಟ್ಟಗೆ ನಿಂತೇ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ದುಂಡು ಮೈಯ ಟೈರ್ ಆ ತಳ್ಳನ್ನು ತಡೆಯಲು ಹುಟ್ಟಿದ್ದಲ್ಲ. ಇದನ್ನು ಕೆಳಗಿಡುತ್ತೇನೆ, ಇದರ ಮಾತು ಮುಗಿಯಿತು.

ಅಮೆರಿಕದಿಂದ ಬರುವ ಮುಂದಿನ ಡ್ರ್ಯಾಗ್ ಟೈರ್ ನನ್ನ ಹತ್ತಿರ ಇಲ್ಲ, ಆದರೆ ತರಿಸುವ ಆಸೆ ಇರುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಎರಡು ಜಾತಿ. ಒಂದರ ಸೈಡ್‌ವಾಲ್ ಮೇಲೆ ರೇಸಿಗೆ ಮಾತ್ರ, ಹೆದ್ದಾರಿಗೆ ಅಲ್ಲ ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ತೆಳು ಮೈ, ಉದ್ದುದ್ದ ಕೆಲವೇ ಗೆರೆ, ನೀರು ಬಂದರೆ ಪಕ್ಕಕ್ಕೆ ಹೋಗಲು ದಾರಿ ಇಲ್ಲ. ಇನ್ನೊಂದು ಜಾತಿ ರಸ್ತೆಗೂ ಒಪ್ಪಿದ್ದು, ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತು ಇರುವಂಥದ್ದು. ಮಿಕ್ಕಿ ಥಾಂಪ್ಸನ್ ಕಂಪನಿಯ ಸ್ಪೋರ್ಟ್ಸ್‌ಮನ್ ಎಸ್/ಆರ್ 26×6.00 ಆರ್ 15 ಅಂಥ ಒಂದು ರೇಡಿಯಲ್. ಹೊರದೇಶದಲ್ಲಿ ಈ ಸಮಸ್ಯೆಗೆ ಕಂಡುಕೊಂಡ ಉತ್ತರ ಅದು. ನಮ್ಮಲ್ಲಿ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ, ಐಎಸ್ 15633 ಅನ್ನುವ ಅಂಕಿ ಸೈಡ್‌ವಾಲ್ ಮೇಲೆ ಇರಬೇಕು. 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೆ ಸರ್ಕಾರದ ನಿರ್ಬಂಧವೂ ಇದೆ. ಯಾರೋ ಸೂಟ್‌ಕೇಸಿನಲ್ಲಿ ತಂದುಕೊಡುತ್ತೇನೆ ಅಂದರೆ ಆ ಟೈರಿನ ವಯಸ್ಸು, ಜಾತಿ ಯಾವುದೂ ಗೊತ್ತಾಗದೆ ತಗೊಳ್ಳುತ್ತೀರಿ.

ಅಮೆರಿಕದ ಬಡ ಹುಡುಗರು ಏನು ಮಾಡುತ್ತಿದ್ದರು ಗೊತ್ತೇ? ಬೀಟಲ್ ಕಾರಿನ 165 ಆರ್ 15 ಟೈರ್ ತಂದು ಹಾಕುತ್ತಿದ್ದರು. ಸಾದಾ ರಸ್ತೆ ಟೈರ್, ಸಣ್ಣ ಅಗಲ, ಒಳ್ಳೆ ಎತ್ತರ, ಅಗ್ಗ. ನನ್ನ ಸಲಹೆ ಆ ದಾರಿಯದ್ದೇ, ಬರೀ ಸೈಜು ನಮ್ಮೂರದ್ದು. ಇಗೋ ಕೊನೆಯ ಟೈರ್: 165/80 ಆರ್ 14 85ಟಿ. ಸ್ವಿಫ್ಟ್‌ಗೆ ಬರುವ ಸೈಜು, ಕೊಪ್ಪೀಕರ್ ರೋಡಿನಿಂದ ಗದಗಿನವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ ಇದೆ. 165 ಮಿಲಿಮೀಟರ್ ಅಗಲ, ಎತ್ತರ ಸುಮಾರು 620 ಮಿಲಿಮೀಟರ್. 85 ಅಂದರೆ 515 ಕೆ.ಜಿ. ಟಿ ಅಂದರೆ 190 ಕಿ.ಮೀ. ಬ್ರೇಕ್ ಒತ್ತಿದಾಗಿನ ನಮ್ಮ 430 ಇದರೊಳಗೆ ಆರಾಮಾಗಿ ಕೂತಿತು, ಗೆರೆ ದಾಟುವ ವೇಗವೂ ಕೂತಿತು.

ಇಲ್ಲಿ ಎಂಜಿನಿಯರಿಂಗ್ ಹುಡುಗರು ತಕರಾರು ತೆಗೆಯಬಹುದು. ಟೈರಿನ ಭಾರದ ಅಂಕಿಯನ್ನು ನಿಂತ ಭಾರಕ್ಕೆ ಹೋಲಿಸಬೇಕು, ಬ್ರೇಕಿನಲ್ಲಿ ಒಂದು ಗಳಿಗೆ ಏರುವ ಭಾರವನ್ನು ಟೈರ್ ಮಾಡುವವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ ಅಂತ. ಸರಿಯಾದ ಮಾತು. ಆ ಲೆಕ್ಕದಲ್ಲಿ ಆಲ್ಟೊದ 145/80 ಆರ್ 12, 74ರ ಟೈರ್ ಕೂಡ ಪಾಸು: 375 ಕೆ.ಜಿ., ನಮಗೆ ಬೇಕಾದದ್ದು 330. ಆದರೆ ನಿಮ್ಮ ಕಾರಿನಲ್ಲಿ ಗೆಳೆಯರು ಕೂರುತ್ತಾರೆ, ಜಾಕು, ಟೂಲ್ ಬಾಕ್ಸು, ಹಿಂದಿನ ಸ್ಲಿಕ್ (ಗೆರೆ ಇಲ್ಲದ ರೇಸ್) ಟೈರು ಎಲ್ಲ ತುಂಬಿರುತ್ತದೆ, ಒಂದು ಗಾಲಿಯಲ್ಲಿ ಹವಾ ನಾಲ್ಕು ಪಾಯಿಂಟ್ ಕಡಿಮೆ ಇರುತ್ತದೆ. ಅದಕ್ಕೇ ಬ್ರೇಕಿನ ಭಾರವನ್ನೇ ನಾನು ಮಿತಿ ಅಂತ ಹಿಡಿಯುತ್ತೇನೆ. ಕಾನೂನಿಗಿಂತ ಬಿಗಿ ನಿಯಮ, ನಿಮಗೆ ಒಪ್ಪಿಗೆಯಾದರೆ ಇಟ್ಟುಕೊಳ್ಳಿ.

ಟೈರ್ ಆಯಿತು, ಈಗ ರಿಮ್. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಎಲ್ಲಿಂದಲೋ ಮೂರೂವರೆ ಇಂಚಿನ ಚಂದದ ರಿಮ್ ತರುತ್ತಾರೆ, ಆಮೇಲೆ "ಇದಕ್ಕ ಕೂಡೂ ಟಾಯರ್ ಕೊಡ್ರಿ" ಅಂತ ಅಂಗಡಿಗೆ ಬರುತ್ತಾರೆ. ಅಂಗಡಿಯ ಹುಡುಗ ಸಾಬೂನು ನೀರು ಹಚ್ಚಿ, ಹವಾ ಹೊಡೆದು, ಟಪ್ ಅಂತ ಕೂಡಿಸಿ ಕಳಿಸುತ್ತಾನೆ. ಕೂತಿತು ಅಂದರೆ ಹೊಂದಿತು ಅಂತ ಅಲ್ಲ. ಪ್ರತಿ ಸೈಜಿಗೆ ಎಷ್ಟರಿಂದ ಎಷ್ಟು ಇಂಚಿನ ರಿಮ್ ನಡೆಯುತ್ತದೆ ಅನ್ನುವುದು ಗೊತ್ತುಪಡಿಸಿದ್ದು ಇದೆ. 155/80 ಮತ್ತು 165/80ಕ್ಕೆ 4ರಿಂದ 5.5 ಇಂಚು. 185/65ಕ್ಕೆ 5ರಿಂದ 6.5. 205/55ಕ್ಕೆ 5.5ರಿಂದ 7.5. ನಾಲ್ಕು, ನಾಲ್ಕೂವರೆ ಇಂಚಿನ ರಿಮ್ ಹಾಕಲೇಬೇಕು ಅನ್ನುವ ಹಟ ಇದ್ದರೆ ಟೈರ್ 155 ಅಥವಾ 165, ಅದರ ಮೇಲೆ ಹೋಗಬೇಡಿ. ಮನೆಯಲ್ಲಿ ಬಿದ್ದಿದ್ದ 185 ಇದೆ ಅಂತ ನಾಲ್ಕು ಇಂಚಿಗೆ ಹೊಲಿಯಬೇಡಿ.

ಹಾಗೆ ಹೊಲಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕೆಂದರೆ ಒಂದು ಸೀಮೆಸುಣ್ಣ ಸಾಕು. ಟ್ರೆಡ್ (ಟೈರಿನ ನೆಲಕ್ಕೆ ತಾಗುವ ಮೈ) ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪ ಗೆರೆ ಎಳೆಯಿರಿ. ಕಾರನ್ನು ಸಪಾಟು ಡಾಂಬರಿನ ಮೇಲೆ ಹತ್ತಿಪ್ಪತ್ತು ಮೀಟರ್ ಮೆಲ್ಲಗೆ ನೆಟ್ಟಗೆ ಓಡಿಸಿ ಇಳಿದು ನೋಡಿ. ಗೆರೆ ಅಗಲಕ್ಕೂ ಸಮವಾಗಿ ಅಳಿಸಿದ್ದರೆ ರಿಮ್, ಹವಾ ಎರಡೂ ಸರಿ. ನಡುವೆ ಮಾತ್ರ ಅಳಿಸಿ ಎರಡೂ ಅಂಚಿನಲ್ಲಿ ಬಿಳಿ ಉಳಿದಿದ್ದರೆ ಮೊದಲು ಹವಾ ನೋಡಿ. ಹವಾ ಸರಿ ಇದ್ದರೂ ಹಾಗೇ ಇದ್ದರೆ ರಿಮ್ ಇಕ್ಕಟ್ಟು. ಎರಡೂ ಸೈಡ್‌ವಾಲನ್ನು ಒಳಗೆ ಹಿಸುಕಿದ್ದರಿಂದ ಟೈರಿನ ನೆತ್ತಿ ಉಬ್ಬಿದೆ ಅಂತ. 185 ಅಂತ ದುಡ್ಡು ಕೊಟ್ಟು ನೀವು ಓಡಿಸುತ್ತಿರುವುದು ಅದರ ನಡುವಿನ ಪಟ್ಟಿಯನ್ನು. ಸ್ಟೇರಿಂಗ್ ತಿರುಗಿಸಿದರೆ ಮೊದಲು ಟೈರ್ ಪಕ್ಕಕ್ಕೆ ವಾಲುತ್ತದೆ, ಆಮೇಲೆ ಕಾರು ತಿರುಗುತ್ತದೆ. ಸೈಡ್‌ವಾಲ್ ಬೇಕಾದ್ದಕ್ಕಿಂತ ಹೆಚ್ಚು ಮಡಿಚಿ ಕಾಯುತ್ತದೆ. ಗಡಕ್ಕನೆ ತಪ್ಪಿಸಿಕೊಳ್ಳಲು ಎಳೆದಾಗ ಬೀಡ್, ಅಂದರೆ ರಿಮ್ಮಿನಲ್ಲಿ ಕೂರುವ ಟೈರಿನ ಅಂಚು, ರಿಮ್ಮಿನಿಂದ ಜಾರುವ ಅಪಾಯವೂ ಇದೆ.

ರಿಮ್ಮಿನ ಅಗಲ ಕಡಿಮೆಯಾದಾಗ ಇನ್ನೊಂದು ಬದಲಾಗುತ್ತದೆ, ಆಫ್‌ಸೆಟ್. ಗಾಲಿಯ ನಡುರೇಖೆ, ಗಾಲಿ ಬೋಲ್ಟಾಗುವ ಹಬ್‌ನಿಂದ ಎಷ್ಟು ಒಳಗೆ, ಎಷ್ಟು ಹೊರಗೆ ಅನ್ನುವುದು. ಇದು ತಪ್ಪಿದರೆ ಸ್ಟೇರಿಂಗ್ ಎಳೆಯುತ್ತದೆ, ಬೇರಿಂಗ್ ಕೂಗುತ್ತದೆ. ಬ್ರೇಕಿನ ಕ್ಯಾಲಿಪರಿಗೆ ತಾಗುತ್ತದೆ ಅಂತ ವಾಷರಿನಂಥ ಸ್ಪೇಸರ್ ತುರುಕಿ, ಬೋಲ್ಟಿಗೆ ನಾಲ್ಕೇ ಸುತ್ತು ನಟ್ ಹಿಡಿಸಿ ಕಳಿಸುವ ಗ್ಯಾರೇಜಿನವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ. ನಟ್ಟಿನ ಮೂತಿ ಮೊನೆಯದೋ ದುಂಡೋ ಅನ್ನುವುದನ್ನೂ ರಿಮ್ಮಿನ ತೂತಿಗೆ ಹೊಂದಿಸಿ ನೋಡಿ.

ರೇಡಿಯಲ್, ಕ್ರಾಸ್-ಪ್ಲೈ ಬೆರಕೆ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಹಿಂದೆ ಕ್ರಾಸ್-ಪ್ಲೈ ಸ್ಲಿಕ್, ಮುಂದೆ ರೇಡಿಯಲ್ ಹಾಕಿ ರಸ್ತೆಗೆ ಬರಬೇಡಿ. ರೇಡಿಯಲ್ ತಿರುವಿಗೆ ಬೇಗ ಸ್ಪಂದಿಸುತ್ತದೆ, ಕ್ರಾಸ್-ಪ್ಲೈ ತಡವಾಗಿ. ಮುಂದಿನದು ತಿರುಗಿತು, ಹಿಂದಿನದು ಇನ್ನೂ ಯೋಚನೆ ಮಾಡುತ್ತಿದೆ ಅನ್ನುವಷ್ಟರಲ್ಲಿ ಬಾಲ ಹೊರಗೆ ಹೋಗಿರುತ್ತದೆ. ಬ್ರಿಟನ್ನಿನಲ್ಲಿ ಮುಂದೆ ರೇಡಿಯಲ್, ಹಿಂದೆ ಕ್ರಾಸ್-ಪ್ಲೈ ಹಾಕುವುದು ಕಾನೂನಿಗೇ ವಿರುದ್ಧ. ಒಂದೇ ಅಚ್ಚಿಗೆ ಒಂದು ಇದು, ಒಂದು ಅದು ಹಾಕುವುದಂತೂ ಎಲ್ಲೂ ಬೇಡ. ಹಳೇ ಅಂಬಾಸಡರಿನ 5.90-15 ಟೈರನ್ನು ಸಣ್ಣಗಿದೆ ಅಂತ ಮುಂದೆ ಹಾಕುವವರು ಇದನ್ನು ಕೇಳಿಸಿಕೊಳ್ಳಿ: ಅದೂ ಕ್ರಾಸ್-ಪ್ಲೈ. ಹಿಂದೆ ಅಗಲದ ರೇಡಿಯಲ್ ಇದ್ದರೆ ಕಾರು ತಿರುಗಲು ಕೇಳುವುದಿಲ್ಲ, ನೆಟ್ಟಗೆ ಹೋಗುತ್ತದೆ.

ಮುಂದೆ ಸಣ್ಣ ಟೈರ್ ಹಾಕಿದ ಮೇಲೆ ಬ್ರೇಕಿನ ಹಂಚಿಕೆಯೂ ಕೆಡುತ್ತದೆ. ಮುಂದಿನ ಗಾಲಿ ಮೊದಲು ಲಾಕ್ ಆಗುತ್ತದೆ, ಅಂದರೆ ತಿರುಗುವುದು ನಿಂತು ಜಾರುತ್ತದೆ, ಹಿಂದಿನ ಅಗಲದ ಟೈರಿನ ಹಿಡಿತ ಬಳಕೆಗೇ ಬರುವುದಿಲ್ಲ. ಆಗ ಕೆಲವರು ವಾಲ್ವ್ ಹಾಕಿಸಿ ಬ್ರೇಕನ್ನು ಹಿಂದಕ್ಕೆ ದಾಟಿಸುತ್ತಾರೆ. ಒಣ ರಸ್ತೆಯಲ್ಲಿ ಚಲೋ ಅನಿಸುತ್ತದೆ. ಮೊದಲ ಮಳೆಯಲ್ಲಿ ಹಿಂದಿನ ಗಾಲಿ ಲಾಕ್ ಆಗಿ ಕಾರು ಬುಗುರಿ. ಮುಂದೆ ಲಾಕ್ ಆದರೆ ಕಾರು ನೆಟ್ಟಗೆ ಹೋಗುತ್ತದೆ, ನೀವು ಬ್ರೇಕ್ ಬಿಟ್ಟರೆ ಸ್ಟೇರಿಂಗ್ ವಾಪಸ್ ಬರುತ್ತದೆ. ಹಿಂದೆ ಲಾಕ್ ಆದರೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಎಬಿಎಸ್ (ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನವರು ಹಿಂದು ಮುಂದಿನ ಟೈರಿನ ಎತ್ತರದಲ್ಲಿ ಬಹಳ ಅಂತರ ಇಡಬೇಡಿ; ಗಾಲಿಯ ವೇಗ ನೋಡಿ ಕೆಲಸ ಮಾಡುವ ಯಂತ್ರ ಅದು, ಅಂತರ ಹೆಚ್ಚಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ.

ಮಳೆ ಅಂದೆ. ಸಣ್ಣ ಟೈರ್ ನೀರನ್ನು ಸೀಳುತ್ತದೆ, ಅಗಲದ್ದು ತೇಲುತ್ತದೆ ಅನ್ನುವುದು ನಿಜ, ಆದರೆ ಗೆರೆ ಆಳ ಇದ್ದರೆ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅದು ಕಟ್ಟಕಡೆಯ ಮಿತಿ. ನನ್ನನ್ನು ಕೇಳಿದರೆ ಮುಂದಿನ ಸಣ್ಣ ಟೈರನ್ನು ಮೂರಕ್ಕೇ ಬದಲಿಸಿ, ಅದರಲ್ಲೂ ನಮ್ಮ ಕಡೆ. ಗದಗ ರಸ್ತೆ, ನವಲಗುಂದ ರಸ್ತೆಯಲ್ಲಿ ಮಳೆ ಬಿದ್ದ ದಿನ ಹೊಲದಿಂದ ಟ್ರ್ಯಾಕ್ಟರ್ ಏರುವ ಜಾಗ ನೋಡಿದ್ದೀರಿ. ಗಾಲಿಗೆ ಮೆತ್ತಿದ ಎರಿ ಮಣ್ಣು ಡಾಂಬರಿನ ಮೇಲೆ ಹರಡಿ, ಮೇಲೊಂದು ತುಂತುರು ಬಿದ್ದರೆ ಎಣ್ಣೆ ಸುರಿದ ಹಾಗೆ. ಅಲ್ಲಿ ಯಾವ ಟೈರೂ ಪವಾಡ ಮಾಡುವುದಿಲ್ಲ, ನುಣುಪು ಗೆರೆಯದ್ದಂತೂ ಮೊದಲೇ ಇಲ್ಲ.

ವಯಸ್ಸಿನ ವಿಷಯ ಬಹಳ ಜನ ಮರೆಯುತ್ತಾರೆ. ರೇಸಿಗೆ ಅಂತ ಇಟ್ಟ ಟೈರ್ ಓಡುವುದು ಕಡಿಮೆ, ಹಾಗಾಗಿ ಸವೆಯುವ ಮೊದಲೇ ಮುಪ್ಪಾಗುತ್ತದೆ. ಗೆರೆ ಹೊಸದರ ಹಾಗೆ, ರಬ್ಬರ್ ಮಾತ್ರ ಕಲ್ಲು. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಅಂತ ಇದ್ದರೆ 2019ರ 23ನೇ ವಾರ. ಈ ಗುರುತು ಒಂದೇ ಪಕ್ಕದಲ್ಲಿ ಇರುವುದುಂಟು. ಟೈರನ್ನು ಒಳಮಗ್ಗುಲಾಗಿ ಕೂಡಿಸಿದ್ದರೆ ಕಾರಿನ ಕೆಳಗೆ ತೂರಿ ಟಾರ್ಚ್ ಹಿಡಿದು ಓದಬೇಕು. ಅಂಗಡಿಯವರಿಗೆ ಕೂಡಿಸುವಾಗಲೇ ಹೊರಗೆ ಕಾಣುವಂತೆ ಕೂಡಿಸಲು ಹೇಳಿ. ಆರು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ, ಬೀಡಿನ ಹತ್ತಿರ ಮತ್ತು ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅವತ್ತೇ ಮುಗಿಸಿ. ಹತ್ತಾದ ಮೇಲೆ ನೋಡುವುದೂ ಬೇಡ. ರಿಮೋಲ್ಡ್ ಮಾಡಿಸಿದ್ದನ್ನು (ಸವೆದ ಟೈರಿಗೆ ಹೊಸ ರಬ್ಬರ್ ಹಚ್ಚಿಸಿದ್ದನ್ನು) ಈ ಕಾರಿನ ಮುಂದೆ ಹಾಕುವ ಯೋಚನೆ ಇದ್ದವರು ಭಾಷಣ ಮುಗಿದ ಮೇಲೆ ನನ್ನನ್ನು ಬೇರೆಯಾಗಿ ಕಾಣಿ, ಎಲ್ಲರ ಎದುರು ಬೈಯುವುದು ಬೇಡ.

ಕೊನೆಯಲ್ಲಿ ಒಬ್ಬರು ಕೇಳಿದರು: ಹಿಂದು ಮುಂದು ಬೇರೆ ಬೇರೆ ಸೈಜು ಆದರೆ ಸ್ಟೆಪ್ನಿ ಯಾವುದನ್ನು ಒಯ್ಯಬೇಕು? ಮುಂದಿನದನ್ನು. ಮುಂದೆ ಪಂಚರ್ ಆದರೆ ಅದೇ ಸೈಜು ಕೂತು ನಿಶ್ಚಿಂತೆ. ಹಿಂದೆ ಪಂಚರ್ ಆದರೆ ಮೊದಲು ಟ್ಯೂಬ್‌ಲೆಸ್ ಪಂಚರ್ ಕಿಟ್ಟಿನಿಂದ ಅಲ್ಲೇ ಸರಿ ಮಾಡಲು ನೋಡಿ; ಆಗದಿದ್ದರೆ ಸಾದಾ ಡಿಫರೆನ್ಶಿಯಲ್ (ಎಡಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇರುವ ಕಾರಿಗೆ ಮಾತ್ರ, ಬೋಲ್ಟು ಹೊಂದುತ್ತಿದ್ದರೆ, ಸಣ್ಣದನ್ನು ಹಿಂದೆ ಹಾಕಿ ಮೆಲ್ಲಗೆ ಹತ್ತಿರದ ಅಂಗಡಿ ಮುಟ್ಟಿ. ಆ ವೇಗದ ಅಂತರವನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇರುವವರು, ಡಿಫರೆನ್ಶಿಯಲ್ ವೆಲ್ಡ್ ಮಾಡಿಸಿದವರು ಹಾಗೆ ಮಾಡಬೇಡಿ. ಎಡಬಲ ಬೇರೆ ಎತ್ತರದ ಗಾಲಿ ಹಾಕಿ ಓಡಿಸಿದರೆ ಲಿಮಿಟೆಡ್ ಸ್ಲಿಪ್ ಕಾದು ಹಾಳಾಗಬಹುದು, ವೆಲ್ಡ್ ಮಾಡಿಸಿದ್ದರಲ್ಲಿ ಟೈರ್ ಉಜ್ಜಿ ಅಚ್ಚಿನ ಮೇಲೆ ಒತ್ತಡ ಬೀಳುತ್ತದೆ. ಅಂಥವರು ಫೋನ್ ಮಾಡಿ ಟೋಯಿಂಗ್ ಗಾಡಿ ಕರೆಸಿ.